ಪಿಪಿಟಿಪಿ: ಹಳೆಯ ವಿಪಿಎನ್ ವ್ಯವಸ್ಥೆಯ ಗುಣದೋಷಗಳು

ಪ್ರಧಾನ ಕಚೇರಿ ಪೇಟೆಯಲ್ಲಿ, ಗೋದಾಮು ಎಪಿಎಂಸಿ ಪ್ರಾಂಗಣದಲ್ಲಿ, ಕಾರ್ಖಾನೆ ಊರ ಹೊರಗಿನ ಕೈಗಾರಿಕಾ ವಸಾಹತಿನಲ್ಲಿ, ಮಾರಾಟ ಶಾಖೆ ಮತ್ತೊಂದು ಜಿಲ್ಲೆಯಲ್ಲಿ. ಮಧ್ಯಮ ಗಾತ್ರದ ಅನೇಕ ವ್ಯಾಪಾರ ಸಂಸ್ಥೆಗಳ ಸ್ವರೂಪ ಇಂದು ಹೀಗಿದೆ. ಗೋದಾಮಿನ ಗುಮಾಸ್ತರು ಬರೆದ ಬಿಲ್ಲು ಅದೇ ಕ್ಷಣದಲ್ಲಿ ಪ್ರಧಾನ ಕಚೇರಿಯ ಲೆಕ್ಕಪತ್ರದಲ್ಲಿ ನಮೂದಾಗಬೇಕು. ಶಾಖೆಯಲ್ಲಿ ಕುಳಿತವರಿಗೆ ಅಂದಿನ ದಾಸ್ತಾನು ಕಾಣಬೇಕು. ಮಾಲೀಕರು ಪರಊರಿಗೆ ಹೋದಾಗಲೂ ಬಾಕಿದಾರರ ಪಟ್ಟಿಯನ್ನು ನೋಡುವಂತಿರಬೇಕು. ಈ ಅನುಕೂಲಗಳನ್ನು ಒದಗಿಸುವ ಸಾಧನಗಳಲ್ಲಿ ವಿಪಿಎನ್ ಎಂದು ಪರಿಚಿತವಾದ ಖಾಸಗಿ ಜಾಲ ವ್ಯವಸ್ಥೆ ಪ್ರಮುಖವಾದುದು.

ಆದರೆ ವಿಪಿಎನ್ ಎಂಬುದು ಒಂದೇ ವಸ್ತುವಿನ ಹೆಸರಲ್ಲ. ಬೀಗಗಳಲ್ಲಿ ಹಲವು ಬಗೆಗಳಿರುವಂತೆ ವಿಪಿಎನ್‌ನಲ್ಲಿಯೂ ಹಲವು ಬಗೆಗಳಿವೆ. ಅವುಗಳಲ್ಲಿ ಅತ್ಯಂತ ಹಳೆಯದೂ ಒಂದು ಕಾಲಕ್ಕೆ ಅತ್ಯಂತ ಜನಪ್ರಿಯವೂ ಆಗಿದ್ದುದು ಪಿಪಿಟಿಪಿ. ‘ಪಾಯಿಂಟ್ ಟು ಪಾಯಿಂಟ್ ಟನೆಲಿಂಗ್ ಪ್ರೋಟೋಕಾಲ್’ ಎಂಬುದು ಅದರ ಪೂರ್ಣ ಹೆಸರು. ಹಲವು ವರ್ಷಗಳ ಹಿಂದೆ ತಂತ್ರಜ್ಞರೊಬ್ಬರು ಬಂದು ಅಳವಡಿಸಿ ಹೋದ ಈ ವ್ಯವಸ್ಥೆ, ಯಾವ ತೊಂದರೆಯನ್ನೂ ಕೊಡದೆ ನಡೆಯುತ್ತಿದೆ ಎಂಬ ಒಂದೇ ಕಾರಣಕ್ಕೆ ಕೆಲವು ಕಚೇರಿಗಳಲ್ಲಿ ಹಾಗೆಯೇ ಉಳಿದುಕೊಂಡಿರುತ್ತದೆ. ನಡೆಯುತ್ತಿರುವುದು ಬೇರೆ, ಭದ್ರವಾಗಿರುವುದು ಬೇರೆ. ಈ ವ್ಯತ್ಯಾಸವನ್ನು ಸಂಸ್ಥೆಯ ಹೊಣೆ ಹೊತ್ತವರು ಅರಿತುಕೊಳ್ಳುವುದು ಅಗತ್ಯ.

ವಿಪಿಎನ್ ಮಾಡುವ ಕೆಲಸ

ಅಂತರಜಾಲವು ಸಾರ್ವಜನಿಕ ರಸ್ತೆಯಿದ್ದಂತೆ. ಶಾಖೆಯಿಂದ ಹೊರಟ ಮಾಹಿತಿ ಪ್ರಧಾನ ಕಚೇರಿಯನ್ನು ತಲುಪುವ ಮುನ್ನ ಹಲವು ಸಂಸ್ಥೆಗಳ ಯಂತ್ರಗಳನ್ನು ಹಾದುಹೋಗುತ್ತದೆ. ದಾರಿಯಲ್ಲಿ ಕುಳಿತವರು ಅದನ್ನು ನಕಲು ಮಾಡಿಕೊಳ್ಳಬಹುದು. ಇದಕ್ಕೆ ಪರಿಹಾರವಾಗಿ ಹಿಂದೆ ಬ್ಯಾಂಕುಗಳು ಮತ್ತು ದೊಡ್ಡ ಕಂಪನಿಗಳು ದೂರಸಂಪರ್ಕ ಸಂಸ್ಥೆಯಿಂದ ಲೀಸ್ಡ್ ಲೈನ್, ಅಂದರೆ ತಮಗಷ್ಟೇ ಮೀಸಲಾದ ತಂತಿಯನ್ನು ಬಾಡಿಗೆಗೆ ಪಡೆಯುತ್ತಿದ್ದವು. ಸಣ್ಣ ವರ್ತಕರಿಗೆ ಆ ವೆಚ್ಚ ಭರಿಸಲಾಗದಂತಹುದು.

ವಿಪಿಎನ್ ಈ ಸಮಸ್ಯೆಯನ್ನು ಬೇರೊಂದು ರೀತಿಯಲ್ಲಿ ಬಗೆಹರಿಸುತ್ತದೆ. ರಸ್ತೆ ಸಾರ್ವಜನಿಕವೇ ಆಗಿರುತ್ತದೆ. ಆದರೆ ಸರಕು ಬೀಗಮುದ್ರೆಯ ಪೆಟ್ಟಿಗೆಯಲ್ಲಿ ಸಾಗುತ್ತದೆ. ಒಳ್ಳೆಯ ವಿಪಿಎನ್‌ನಿಂದ ನಿರೀಕ್ಷಿಸಬೇಕಾದ ಕೆಲಸಗಳು ಮೂರು. ಮೊದಲನೆಯದು, ಸಂಪರ್ಕ ಬಯಸುವವರು ಯಾರೆಂಬುದನ್ನು ಖಚಿತಪಡಿಸಿಕೊಳ್ಳುವುದು. ಎರಡನೆಯದು, ಸಾಗುವ ಮಾಹಿತಿಯನ್ನು ಅನ್ಯರು ಓದಲಾಗದಂತೆ ಗೂಢಲಿಪಿಗೆ ಪರಿವರ್ತಿಸುವುದು. ಮೂರನೆಯದು, ದಾರಿಯಲ್ಲಿ ಯಾರಾದರೂ ಮಾಹಿತಿಯನ್ನು ತಿದ್ದಿದರೆ ಅದನ್ನು ಪತ್ತೆ ಹಚ್ಚುವುದು. ಪಿಪಿಟಿಪಿಯನ್ನು ಈ ಮೂರು ಮಾನದಂಡಗಳಿಂದಲೇ ಅಳೆಯಬೇಕು.

ಪಿಪಿಟಿಪಿಯ ಹಿನ್ನೆಲೆ

ಮೈಕ್ರೋಸಾಫ್ಟ್, ಅಸೆಂಡ್, 3ಕಾಮ್, ಇಸಿಐ ಟೆಲಿಮ್ಯಾಟಿಕ್ಸ್ ಮೊದಲಾದ ಕಂಪನಿಗಳು ಕೂಡಿ 1990ರ ದಶಕದ ಮಧ್ಯಭಾಗದಲ್ಲಿ ಈ ವ್ಯವಸ್ಥೆಯನ್ನು ರೂಪಿಸಿದವು. 1996ರಲ್ಲಿ ಬಂದ ವಿಂಡೋಸ್ ಎನ್‌ಟಿ 4.0ರಲ್ಲಿ ಇದು ಅಡಕವಾಗಿತ್ತು; ವಿಂಡೋಸ್ 98ರಲ್ಲಿಯೂ ದೊರೆಯಿತು. ಇದರ ವಿವರಗಳು 1999ರ ಜುಲೈನಲ್ಲಿ ಆರ್‌ಎಫ್‌ಸಿ 2637 ಎಂಬ ದಾಖಲೆಯಾಗಿ ಪ್ರಕಟವಾದವು. ಆ ದಾಖಲೆ ಕೇವಲ ಮಾಹಿತಿಗಾಗಿ ಪ್ರಕಟವಾದುದೇ ಹೊರತು ಅಂತರಜಾಲದ ಅಧಿಕೃತ ಮಾನಕವಾಗಿ ಅಲ್ಲ ಎಂಬುದು ಗಮನಾರ್ಹ.

ಆಗ ಮನೆ ಕಚೇರಿಗಳಲ್ಲಿ ಅಂತರಜಾಲ ಸಂಪರ್ಕವೆಂದರೆ ಬಹುಮಟ್ಟಿಗೆ ದೂರವಾಣಿ ತಂತಿಯ ಮೂಲಕ ಡಯಲ್ ಮಾಡುವ ಸಂಪರ್ಕವೇ. ನಮ್ಮ ದೇಶದಲ್ಲಿ ಸಾರ್ವಜನಿಕರಿಗೆ ಅಂತರಜಾಲ ಸೇವೆ ದೊರೆಯತೊಡಗಿದ್ದು 1995ರ ಆಗಸ್ಟ್ 15ರಂದು. 2004ರ ಬ್ರಾಡ್‌ಬ್ಯಾಂಡ್ ನೀತಿಯಲ್ಲಿ ಸೆಕೆಂಡಿಗೆ 256 ಕಿಲೋಬಿಟ್ ವೇಗವನ್ನೇ ಬ್ರಾಡ್‌ಬ್ಯಾಂಡ್ ಎಂದು ನಿರೂಪಿಸಲಾಗಿತ್ತು. ಅಂದಿನ ಕಂಪ್ಯೂಟರುಗಳ ಶಕ್ತಿ ಸೀಮಿತ, ಸಂಪರ್ಕದ ವೇಗ ಇನ್ನೂ ಸೀಮಿತ. ಆ ಪರಿಸ್ಥಿತಿಗೆ ಪಿಪಿಟಿಪಿ ಹೇಳಿ ಮಾಡಿಸಿದಂತಿತ್ತು.

ಕಾರ್ಯವಿಧಾನ

ಪಿಪಿಟಿಪಿ ಎರಡು ದಾರಿಗಳನ್ನು ಬಳಸುತ್ತದೆ. ಒಂದು ನಿಯಂತ್ರಣದ ದಾರಿ. ಇದು ಟಿಸಿಪಿಯ 1723ನೆಯ ಪೋರ್ಟ್ ಮೂಲಕ ಸಾಗುತ್ತದೆ. ಸಂಪರ್ಕವನ್ನು ಆರಂಭಿಸುವುದು, ಮುಂದುವರಿಸುವುದು, ಮುಗಿಸುವುದು ಇದರ ಕೆಲಸ. ಇನ್ನೊಂದು ಸರಕು ಸಾಗುವ ದಾರಿ. ಡಯಲ್ ಸಂಪರ್ಕಗಳಲ್ಲಿ ಬಳಕೆಯಲ್ಲಿದ್ದ ಪಿಪಿಪಿ ಎಂಬ ಹಳೆಯ ಪದ್ಧತಿಯಲ್ಲಿ ಕಟ್ಟಿದ ಮಾಹಿತಿಯ ಪೊಟ್ಟಣವನ್ನು ಜಿಆರ್‌ಇ ಎಂಬ ಹೊರ ಲಕೋಟೆಯಲ್ಲಿಟ್ಟು ಇಲ್ಲಿ ಕಳುಹಿಸಲಾಗುತ್ತದೆ.

ಇಲ್ಲಿ ಒಂದು ಅಂಶವನ್ನು ಸ್ಪಷ್ಟಪಡಿಸಿಕೊಳ್ಳಬೇಕು. ಲಕೋಟೆಯೊಳಗೆ ಲಕೋಟೆ ಇಡುವುದಷ್ಟೇ ಪಿಪಿಟಿಪಿಯ ಸ್ವಂತ ಕೆಲಸ. ಗೂಢಲಿಪಿಯಾಗಲಿ, ಗುರುತಿನ ಪರೀಕ್ಷೆಯಾಗಲಿ ಅದರ ಮೂಲ ನಿಯಮಗಳಲ್ಲಿ ಇಲ್ಲ. ಮೈಕ್ರೋಸಾಫ್ಟ್ ಕಂಪನಿಯ ಎಂಪಿಪಿಇ ಎಂಬ ಜೋಡಣೆ ಗೂಢಲಿಪಿಯನ್ನು ಒದಗಿಸುತ್ತದೆ. ಎಂಎಸ್-ಚಾಪ್ ಎಂಬ ಜೋಡಣೆ ಬಳಕೆದಾರರ ಗುರುತನ್ನು ಪರೀಕ್ಷಿಸುತ್ತದೆ. ಎಂಎಸ್-ಚಾಪ್‌ನಲ್ಲಿ ಮೊದಲನೆಯ ಮತ್ತು ಎರಡನೆಯ ಆವೃತ್ತಿಗಳೆಂದು ಎರಡಿವೆ. ಪಿಪಿಟಿಪಿಯ ಭದ್ರತೆಯ ಬಲಾಬಲವೆಲ್ಲ ಈ ಎರಡು ಜೋಡಣೆಗಳ ಮೇಲೆಯೇ ನಿಂತಿದೆ.

ಗುಣಗಳು

ಪಿಪಿಟಿಪಿ ಇಷ್ಟು ಕಾಲ ಬಾಳಿಕೆ ಬಂದುದಕ್ಕೆ ಸಕಾರಣಗಳಿವೆ. ಅವುಗಳನ್ನು ಕಡೆಗಣಿಸುವುದು ನ್ಯಾಯವಲ್ಲ.

1. ಅಳವಡಿಕೆ ಸುಲಭ. ಸರ್ವರಿನ ವಿಳಾಸ, ಬಳಕೆದಾರರ ಹೆಸರು, ಪಾಸ್‌ವರ್ಡ್ ಈ ಮೂರನ್ನು ತುಂಬಿದರೆ ಸಂಪರ್ಕ ಸಿದ್ಧ. ಡಿಜಿಟಲ್ ಪ್ರಮಾಣಪತ್ರಗಳನ್ನು ಹಂಚುವ, ನವೀಕರಿಸುವ ತೊಡಕು ಇಲ್ಲ. ಕಂಪ್ಯೂಟರ್ ವಿಭಾಗವೇ ಇಲ್ಲದ ಸಣ್ಣ ಸಂಸ್ಥೆಗೆ ಇದು ದೊಡ್ಡ ಅನುಕೂಲ.

2. ಪ್ರತ್ಯೇಕ ಖರ್ಚಿಲ್ಲ. ವಿಂಡೋಸ್‌ನಲ್ಲಿಯೇ ಅಡಕವಾಗಿದ್ದುದರಿಂದ ಬೇರೆ ತಂತ್ರಾಂಶ ಕೊಳ್ಳಬೇಕಾಗಿರಲಿಲ್ಲ. ಸಣ್ಣ ಕಚೇರಿಗಳ ಅನೇಕ ರೂಟರುಗಳಲ್ಲಿಯೂ ಪಿಪಿಟಿಪಿ ಸರ್ವರ್ ಸೌಲಭ್ಯವನ್ನು ತಯಾರಕರೇ ಕೊಟ್ಟಿದ್ದರು.

3. ಯಂತ್ರದ ಮೇಲೆ ಹೊರೆ ಕಡಿಮೆ. ಇದರ ಗೂಢಲಿಪಿಯ ಲೆಕ್ಕಾಚಾರ ಹಗುರವಾದುದು. ಹಳೆಯ ಕಂಪ್ಯೂಟರಿನಲ್ಲಿಯೂ, ಕಡಿಮೆ ಬೆಲೆಯ ರೂಟರಿನಲ್ಲಿಯೂ ವೇಗ ಕುಂದುವುದಿಲ್ಲ.

4. ಹಳೆಯ ಜಾಲಗಳೊಡನೆ ಹೊಂದಾಣಿಕೆ. ನಾವೆಲ್ ನೆಟ್‌ವೇರ್‌ನ ಐಪಿಎಕ್ಸ್‌ನಂತಹ ಪದ್ಧತಿಗಳನ್ನೂ ಇದು ಸಾಗಿಸಬಲ್ಲುದಾಗಿತ್ತು. 1990ರ ದಶಕದ ಕಚೇರಿಗಳಿಗೆ ಇದು ಉಪಯುಕ್ತವಾಗಿತ್ತು.

ಈ ಪಟ್ಟಿಯನ್ನು ಇಂದು ಮತ್ತೆ ಪರಿಶೀಲಿಸಿದರೆ ಒಂದು ಸಂಗತಿ ಎದ್ದು ಕಾಣುತ್ತದೆ. ನಾಲ್ಕನೆಯ ಗುಣದ ಅಗತ್ಯ ಈಗ ಬಹುತೇಕ ಇಲ್ಲ. ಮೂರನೆಯದರ ಮಹತ್ವ ಕುಂದಿದೆ. ಇಂದಿನ ಸಾಧಾರಣ ಕಂಪ್ಯೂಟರ್ ಕೂಡ ಬಲವಾದ ಗೂಢಲಿಪಿಯನ್ನು ಲೀಲಾಜಾಲವಾಗಿ ನಿರ್ವಹಿಸುತ್ತದೆ. ಎರಡನೆಯದು ಪಿಪಿಟಿಪಿಗೆ ಮಾತ್ರ ವಿಶಿಷ್ಟವಾಗಿ ಉಳಿದಿಲ್ಲ. ಉಳಿಯುವುದು ಅಳವಡಿಕೆಯ ಸುಲಭತೆ ಒಂದೇ.

ದೋಷಗಳು

ಮೊದಲನೆಯ ದೋಷ: ಗುರುತಿನ ಪರೀಕ್ಷೆಯ ದೌರ್ಬಲ್ಯ

ಇದು ಎಲ್ಲಕ್ಕಿಂತ ಗಂಭೀರವಾದುದು. ಎಂಎಸ್-ಚಾಪ್‌ನಲ್ಲಿ ಪಾಸ್‌ವರ್ಡ್ ನೇರವಾಗಿ ತಂತಿಯಲ್ಲಿ ಸಾಗುವುದಿಲ್ಲ. ಸರ್ವರ್ ಒಂದು ಪ್ರಶ್ನೆಯನ್ನು ಕಳುಹಿಸುತ್ತದೆ. ಪಾಸ್‌ವರ್ಡ್‌ನಿಂದ ಪಡೆದ ಹ್ಯಾಶ್ ಎಂಬ ಸಂಕೇತಸಂಖ್ಯೆಯ ನೆರವಿನಿಂದ ಬಳಕೆದಾರರ ಕಂಪ್ಯೂಟರ್ ಉತ್ತರವನ್ನು ಸಿದ್ಧಪಡಿಸುತ್ತದೆ. ಈ ಪ್ರಶ್ನೋತ್ತರ ನಡೆಯುವುದು ಗೂಢಲಿಪಿ ಆರಂಭವಾಗುವ ಮುನ್ನ. ಹೀಗಾಗಿ ದಾರಿಯಲ್ಲಿರುವವರು ಅದನ್ನು ಬಯಲಿನಲ್ಲಿಯೇ ನಕಲು ಮಾಡಿಕೊಳ್ಳಬಹುದು.

1998ರಲ್ಲಿ ಬ್ರೂಸ್ ಶ್ನಾಯರ್ ಹಾಗೂ ಮಡ್ಜ್ ಎಂದು ಪರಿಚಿತರಾದ ಪೀಟರ್ ಜಾಟ್ಕೊ ಅವರು ಮೈಕ್ರೋಸಾಫ್ಟ್‌ನ ಪಿಪಿಟಿಪಿಯನ್ನು ವಿಶ್ಲೇಷಿಸಿ ಅದರ ಗಂಭೀರ ಲೋಪಗಳನ್ನು ಬಹಿರಂಗಪಡಿಸಿದರು. ಕಂಪನಿಯು ಎಂಎಸ್-ಚಾಪ್‌ನ ಎರಡನೆಯ ಆವೃತ್ತಿಯ ಮೂಲಕ ಹಲವು ಲೋಪಗಳನ್ನು ಸರಿಪಡಿಸಿತು. 1999ರಲ್ಲಿ ಅದನ್ನೂ ಪರಿಶೀಲಿಸಿದ ತಜ್ಞರು, ಸುಧಾರಣೆಯಾಗಿರುವುದು ನಿಜವಾದರೂ ಭದ್ರತೆ ಇನ್ನೂ ಬಳಕೆದಾರರು ಆಯ್ದ ಪಾಸ್‌ವರ್ಡ್‌ನ ಬಲದ ಮೇಲೆಯೇ ನಿಂತಿದೆ ಎಂದು ತೋರಿಸಿದರು. ಅಂದಿನಿಂದ ‘ಉದ್ದವಾದ, ಕ್ಲಿಷ್ಟವಾದ ಪಾಸ್‌ವರ್ಡ್ ಇಟ್ಟರೆ ಸಾಕು’ ಎಂಬ ನಂಬಿಕೆ ಬಳಕೆಗೆ ಬಂದಿತು.

2012ರಲ್ಲಿ ಆ ನಂಬಿಕೆಯೂ ಮುರಿಯಿತು. ಆ ವರ್ಷದ ಜುಲೈನಲ್ಲಿ ಅಮೆರಿಕದ ಲಾಸ್ ವೇಗಾಸ್‌ನಲ್ಲಿ ನಡೆದ ಡೆಫ್‌ಕಾನ್ ಸಮ್ಮೇಳನದಲ್ಲಿ ಮಾಕ್ಸಿ ಮಾರ್ಲಿನ್‌ಸ್ಪೈಕ್ ಮತ್ತು ಡೇವಿಡ್ ಹಲ್ಟನ್ ಅವರು ಎರಡನೆಯ ಆವೃತ್ತಿಯನ್ನು ಭೇದಿಸುವ ವಿಧಾನವನ್ನು ವಿವರಿಸಿದರು. ಅದರ ತಿರುಳನ್ನು ಒಂದು ಪೆಟ್ಟಿಗೆಯ ಉದಾಹರಣೆಯಿಂದ ತಿಳಿಯಬಹುದು.

ಒಂದು ಪೆಟ್ಟಿಗೆಗೆ ಮೂರು ಬೀಗಗಳಿವೆ. ಮೂರನ್ನೂ ಒಟ್ಟಿಗೆ ತೆರೆದರೆ ಮಾತ್ರ ಕೀಲಿ ಸರಿಯೋ ತಪ್ಪೋ ತಿಳಿಯುವಂತಿದ್ದರೆ ಕಳ್ಳನ ಶ್ರಮ ಅಪಾರ. ಆದರೆ ಒಂದೊಂದು ಬೀಗವನ್ನೂ ಪ್ರತ್ಯೇಕವಾಗಿ ಪರೀಕ್ಷಿಸಲು ಸಾಧ್ಯವಾದರೆ ಶ್ರಮ ತೀರಾ ಕಡಿಮೆಯಾಗುತ್ತದೆ. ಎಂಎಸ್-ಚಾಪ್ ಎರಡನೆಯ ಆವೃತ್ತಿಯಲ್ಲಿ ಆಗಿರುವುದು ಇದೇ. ಅದು 16 ಬೈಟ್‌ಗಳ ಹ್ಯಾಶನ್ನು 7, 7 ಮತ್ತು 2 ಬೈಟ್‌ಗಳ ಮೂರು ತುಂಡು ಮಾಡಿ, ಡಿಇಎಸ್ ಎಂಬ ಹಳೆಯ ಗೂಢಲಿಪಿಯ ಮೂರು ಕೀಲಿಗಳಾಗಿ ಬಳಸುತ್ತದೆ. ಮೂರನೆಯ ತುಂಡಿಗೆ ಇರುವ ಸಾಧ್ಯತೆಗಳು ಕೇವಲ 65,536. ಸಾಮಾನ್ಯ ಕಂಪ್ಯೂಟರಿಗೆ ಅದು ಕ್ಷಣಮಾತ್ರದ ಕೆಲಸ. ಉಳಿದ ಎರಡೂ ಕೀಲಿಗಳು ಒಂದೇ ಪ್ರಶ್ನೆಗೆ ಪ್ರಯೋಗವಾಗುವುದರಿಂದ, ಸಾಧ್ಯವಿರುವ ಕೀಲಿಗಳನ್ನೆಲ್ಲ ಒಂದು ಬಾರಿ ಹಾಕಿ ನೋಡಿದರೆ ಎರಡೂ ಸಿಕ್ಕಿಬಿಡುತ್ತವೆ.

ಡಿಇಎಸ್ ಅಮೆರಿಕ ಸರ್ಕಾರದ ಮಾನಕವಾದುದು 1977ರಲ್ಲಿ. ಅದರ ಕೀಲಿ 56 ಬಿಟ್‌ಗಳದು. ಅಂದರೆ ಸುಮಾರು 72,000 ಲಕ್ಷ ಕೋಟಿ ಸಾಧ್ಯತೆಗಳು. ಸಂಖ್ಯೆ ದೊಡ್ಡದೆಂದು ತೋರಿದರೂ, 1998ರಲ್ಲಿಯೇ ಎಲೆಕ್ಟ್ರಾನಿಕ್ ಫ್ರಾಂಟಿಯರ್ ಫೌಂಡೇಶನ್ ಎಂಬ ಸಂಸ್ಥೆ ಇದಕ್ಕಾಗಿಯೇ ಕಟ್ಟಿಸಿದ ಯಂತ್ರವೊಂದು 56 ಗಂಟೆಗಳಲ್ಲಿ ಒಂದು ಡಿಇಎಸ್ ಕೀಲಿಯನ್ನು ಕಂಡುಹಿಡಿದಿತ್ತು. 2012ರ ಪ್ರದರ್ಶನದಲ್ಲಿ ಬಳಸಿದ ಯಂತ್ರ ಹೆಚ್ಚೆಂದರೆ ಒಂದು ದಿನದೊಳಗೆ ಅದೇ ಕೆಲಸವನ್ನು ಮುಗಿಸುವ ಸಾಮರ್ಥ್ಯ ಹೊಂದಿತ್ತು. ಅಂದಿನಿಂದ ಇಂದಿನವರೆಗೆ ಯಂತ್ರಗಳ ಶಕ್ತಿ ಹೆಚ್ಚಿದೆಯೇ ಹೊರತು ಕುಗ್ಗಿಲ್ಲ.

ವರ್ತಕರು ಇಲ್ಲಿ ಮುಖ್ಯವಾಗಿ ನೆನಪಿಡಬೇಕಾದ ಮಾತು ಇದು: ಈ ವಿಧಾನದಲ್ಲಿ ಪಾಸ್‌ವರ್ಡ್‌ನ ಉದ್ದಕ್ಕೆ ಬೆಲೆಯೇ ಇಲ್ಲ. ಎಂಟು ಅಕ್ಷರದ ಪಾಸ್‌ವರ್ಡ್ ಆಗಲಿ, ಮೂವತ್ತು ಅಕ್ಷರದ್ದಾಗಲಿ, ಭೇದಿಸಲು ತಗಲುವ ಶ್ರಮ ಒಂದೇ. ಭೇದಿಸಿದವರಿಗೆ ದೊರೆಯುವುದು ಪಾಸ್‌ವರ್ಡ್ ಅಲ್ಲ, ಅದರ ಹ್ಯಾಶ್; ಆದರೆ ಬಳಕೆದಾರರ ಹೆಸರಿನಲ್ಲಿ ಸಂಸ್ಥೆಯ ವಿಪಿಎನ್‌ಗೆ ಪ್ರವೇಶಿಸಲು ಅಷ್ಟೇ ಸಾಕು. ಪ್ರತಿ ತಿಂಗಳೂ ಪಾಸ್‌ವರ್ಡ್ ಬದಲಿಸುವ ಶಿಸ್ತು ಇದ್ದರೂ, ಅದು ಕಳ್ಳನಿಗೆ ಕೊಡುವ ಕಾಲಾವಕಾಶವನ್ನು ಮೊಟಕುಗೊಳಿಸಬಹುದಲ್ಲದೆ ದೋಷವನ್ನು ನಿವಾರಿಸುವುದಿಲ್ಲ.

ಎರಡನೆಯ ದೋಷ: ಗೂಢಲಿಪಿಯ ದೌರ್ಬಲ್ಯ

ಎಂಪಿಪಿಇ ಬಳಸುವುದು ಆರ್‌ಸಿ4 ಎಂಬ ಗೂಢಲಿಪಿಯನ್ನು. ಅದರ ಕೀಲಿ 40, 56 ಅಥವಾ 128 ಬಿಟ್‌ಗಳದಾಗಿರಬಹುದು. ಆರ್‌ಸಿ4ರಲ್ಲಿ ಕಂಡುಬಂದ ದೌರ್ಬಲ್ಯಗಳ ಕಾರಣ, ಸುರಕ್ಷಿತ ಜಾಲತಾಣಗಳು ಬಳಸುವ ಟಿಎಲ್‌ಎಸ್ ವ್ಯವಸ್ಥೆಯಲ್ಲಿ ಅದನ್ನು 2015ರಲ್ಲಿ ನಿಷೇಧಿಸಲಾಯಿತು. ಬ್ಯಾಂಕುಗಳ ಜಾಲತಾಣಕ್ಕೆ ಬೇಡವಾದ ಬೀಗವನ್ನು ಕಚೇರಿಯ ಹೆಬ್ಬಾಗಿಲಿಗೆ ಹಾಕಿಕೊಂಡಂತೆ ಇದು.

ಇನ್ನೊಂದು ಸಂಗತಿಯೂ ಇದೆ. ಗೂಢಲಿಪಿಯ ಕೀಲಿ ಹುಟ್ಟುವುದು ಪಾಸ್‌ವರ್ಡ್‌ನ ಹ್ಯಾಶ್ ಹಾಗೂ ಮೇಲೆ ಹೇಳಿದ ಪ್ರಶ್ನೋತ್ತರದಿಂದಲೇ. ಆದ್ದರಿಂದ ಇಂದು ಸಾಗಿದ ಮಾಹಿತಿಯನ್ನು ನಕಲು ಮಾಡಿಟ್ಟುಕೊಂಡವರು ಹ್ಯಾಶನ್ನು ಆರು ತಿಂಗಳ ನಂತರ ಕಂಡುಹಿಡಿದರೂ ಹಳೆಯ ಮಾಹಿತಿಯನ್ನೆಲ್ಲ ಓದಬಹುದು. ಆಧುನಿಕ ವ್ಯವಸ್ಥೆಗಳಲ್ಲಿ ಪ್ರತಿ ಸಂಪರ್ಕಕ್ಕೂ ತಾತ್ಕಾಲಿಕ ಕೀಲಿ ಹುಟ್ಟಿ, ಕೆಲಸ ಮುಗಿದ ಮೇಲೆ ಅಳಿದುಹೋಗುತ್ತದೆ. ಆ ಅನುಕೂಲ ಇಲ್ಲಿಲ್ಲ.

ಮೂರನೆಯ ದೋಷ: ತಿದ್ದುಪಡಿಯನ್ನು ಪತ್ತೆ ಹಚ್ಚದಿರುವುದು

ರವಾನೆಯಾದ ಮಾಹಿತಿಯನ್ನು ದಾರಿಯಲ್ಲಿ ಯಾರೂ ತಿದ್ದಿಲ್ಲವೆಂಬುದಕ್ಕೆ ಎಂಪಿಪಿಇಯಲ್ಲಿ ಯಾವ ಮುದ್ರೆಯೂ ಇಲ್ಲ. ಆರ್‌ಸಿ4ರ ಸ್ವರೂಪವೇ ಹೀಗಿದೆ: ಗೂಢಲಿಪಿಯಲ್ಲಿ ಒಂದು ಬಿಟ್ಟನ್ನು ಬದಲಿಸಿದರೆ ಮೂಲ ಮಾಹಿತಿಯಲ್ಲಿಯೂ ಅದೇ ಸ್ಥಾನದ ಬಿಟ್ ಬದಲಾಗುತ್ತದೆ. ಓದಲಾಗದಿದ್ದರೂ ತಿದ್ದಲು ಸಾಧ್ಯ ಎಂಬುದು ಲೆಕ್ಕಪತ್ರದ ದೃಷ್ಟಿಯಿಂದ ಕಳವಳಕಾರಿ ಸಂಗತಿ.

ನಾಲ್ಕನೆಯ ದೋಷ: ರೂಟರುಗಳೊಡನೆ ತೊಡಕು

ಜಿಆರ್‌ಇ ಲಕೋಟೆಗೆ ಪೋರ್ಟ್ ಸಂಖ್ಯೆ ಇರುವುದಿಲ್ಲ. ಒಂದೇ ಅಂತರಜಾಲ ವಿಳಾಸವನ್ನು ಹಲವು ಕಂಪ್ಯೂಟರುಗಳು ಹಂಚಿಕೊಳ್ಳುವ ಕಡೆ, ಬಂದ ಲಕೋಟೆ ಯಾರಿಗೆ ಸೇರಬೇಕೆಂದು ತಿಳಿಯಲು ರೂಟರಿನಲ್ಲಿ ವಿಶೇಷ ಏರ್ಪಾಡು ಇರಬೇಕಾಗುತ್ತದೆ. ಅದಿಲ್ಲದಿದ್ದರೆ ಶಾಖೆಯ ಒಂದು ಕಂಪ್ಯೂಟರ್ ಸಂಪರ್ಕ ಪಡೆದಾಗ ಎರಡನೆಯದಕ್ಕೆ ಸಂಪರ್ಕ ದೊರೆಯದೆ ಹೋಗಬಹುದು. ಹೋಟೆಲುಗಳ ವೈ-ಫೈ ಹಾಗೂ ಕೆಲವು ಮೊಬೈಲ್ ಜಾಲಗಳಲ್ಲಿ ಪಿಪಿಟಿಪಿ ಸಂಪರ್ಕವೇ ಸಿಗದಿರುವುದಕ್ಕೂ ಇದೇ ಕಾರಣ.

ತಯಾರಕರ ನಿಲುವು

2012ರ ಆಗಸ್ಟ್‌ನಲ್ಲಿ ಮೈಕ್ರೋಸಾಫ್ಟ್ ಕಂಪನಿಯೇ ಭದ್ರತಾ ಸೂಚನೆಯೊಂದನ್ನು ಹೊರಡಿಸಿ, ಎಂಎಸ್-ಚಾಪ್ ಎರಡನೆಯ ಆವೃತ್ತಿಯನ್ನು ಮತ್ತೊಂದು ಸುರಕ್ಷಿತ ಹೊದಿಕೆಯಿಲ್ಲದೆ ಬಳಸಬಾರದೆಂದೂ, ಇಲ್ಲವೇ ಬೇರೆ ಬಗೆಯ ವಿಪಿಎನ್‌ಗೆ ಬದಲಾಗಬೇಕೆಂದೂ ಸಲಹೆ ನೀಡಿತು. ಅಂತಹ ಹೊದಿಕೆಯಿಂದ ಮೊದಲನೆಯ ದೋಷ ನಿವಾರಣೆಯಾದರೂ ಗೂಢಲಿಪಿಯ ಉಳಿದ ದೋಷಗಳು ಹಾಗೆಯೇ ಉಳಿಯುತ್ತವೆ.

ಆಪಲ್ ಕಂಪನಿ 2016ರಲ್ಲಿ ಐಒಎಸ್ 10 ಮತ್ತು ಮ್ಯಾಕ್ಒಎಸ್ ಸಿಯೆರಾದಿಂದ ಪಿಪಿಟಿಪಿಯನ್ನು ತೆಗೆದುಹಾಕಿತು. 2021ರ ಆಂಡ್ರಾಯ್ಡ್ 12ರಿಂದ ಮೊಬೈಲಿನಲ್ಲಿ ಹೊಸದಾಗಿ ಪಿಪಿಟಿಪಿ ಸಂಪರ್ಕವನ್ನು ರೂಪಿಸುವ ಅವಕಾಶವಿಲ್ಲ. 2024ರ ಅಕ್ಟೋಬರ್‌ನಲ್ಲಿ ಮೈಕ್ರೋಸಾಫ್ಟ್, ಮುಂದಿನ ವಿಂಡೋಸ್ ಸರ್ವರ್ ಆವೃತ್ತಿಗಳಲ್ಲಿ ಪಿಪಿಟಿಪಿ ಹಾಗೂ ಎಲ್‌2ಟಿಪಿ ಎರಡನ್ನೂ ಕೈಬಿಡುವ ಹಾದಿಯಲ್ಲಿರುವುದಾಗಿ ಪ್ರಕಟಿಸಿತು. ಹುಟ್ಟುಹಾಕಿದವರೇ ಕೈಬಿಡುತ್ತಿರುವ ವ್ಯವಸ್ಥೆಯನ್ನು ವರ್ತಕರು ನಂಬಿ ಕುಳಿತುಕೊಳ್ಳುವುದು ವಿವೇಕವಲ್ಲ.

ಲೆಕ್ಕಪತ್ರ ಮತ್ತು ಕಾನೂನಿನ ದೃಷ್ಟಿ

‘ಸಣ್ಣ ವ್ಯಾಪಾರಿಯ ಲೆಕ್ಕ ಕದ್ದು ಯಾರಿಗೇನು ಲಾಭ?’ ಎಂಬ ಪ್ರಶ್ನೆ ಸಹಜ. ಆದರೆ ಯಾವ ಗಿರಾಕಿಗೆ ಯಾವ ದರ, ಯಾರಿಗೆ ಎಷ್ಟು ದಿನದ ಉದ್ದರಿ, ಕಚ್ಚಾ ಮಾಲಿನ ಖರೀದಿ ಬೆಲೆ ಎಷ್ಟು ಎಂಬ ವಿವರಗಳು ಪ್ರತಿಸ್ಪರ್ಧಿಗೆ ಅಮೂಲ್ಯ. ಸರಬರಾಜುದಾರರ ಬ್ಯಾಂಕ್ ಖಾತೆಯ ವಿವರವನ್ನು ಬದಲಿಸಿದರೆ ಪಾವತಿಯೇ ಬೇರೆಡೆಗೆ ಹೋಗುತ್ತದೆ. ಕಡತಗಳನ್ನೆಲ್ಲ ಬೀಗ ಹಾಕಿ ಹಣ ಕೇಳುವ ವಂಚಕರಿಗೆ ಸಂಸ್ಥೆಯ ಗಾತ್ರ ಮುಖ್ಯವಲ್ಲ, ಬಾಗಿಲು ತೆರೆದಿರುವುದು ಮುಖ್ಯ.

ಇಲ್ಲಿ ಒಂದು ವಿಷಯವನ್ನು ಬೇರ್ಪಡಿಸಿ ನೋಡಬೇಕು. ಜಿಎಸ್‌ಟಿ ಜಾಲತಾಣ, ಬ್ಯಾಂಕಿನ ಜಾಲತಾಣ ಇವು ತಮ್ಮದೇ ಗೂಢಲಿಪಿಯನ್ನು ಹೊಂದಿವೆ. ಅಲ್ಲಿ ನಡೆಯುವ ವ್ಯವಹಾರ ಪಿಪಿಟಿಪಿಯ ದೋಷದಿಂದ ನೇರವಾಗಿ ಬಯಲಾಗುವುದಿಲ್ಲ. ಬಯಲಾಗುವುದು ಶಾಖೆ ಮತ್ತು ಪ್ರಧಾನ ಕಚೇರಿಗಳ ನಡುವೆ ಸ್ವಂತ ರಕ್ಷಣೆಯಿಲ್ಲದೆ ಸಾಗುವ ಕಡತಗಳು ಹಾಗೂ ಲೆಕ್ಕದ ತಂತ್ರಾಂಶದ ಮಾಹಿತಿ. ಅದಕ್ಕಿಂತ ಮಿಗಿಲಾದ ಅಪಾಯವೆಂದರೆ, ಅಪರಿಚಿತರು ಸಿಬ್ಬಂದಿಯ ಹೆಸರಿನಲ್ಲಿ ಕಚೇರಿಯ ಜಾಲದೊಳಗೆ ಕಾಲಿಡುವುದು.

ಕಂಪನಿಗಳಾಗಿ ನೋಂದಾಯಿತವಾದ ಸಂಸ್ಥೆಗಳು 2023ರ ಏಪ್ರಿಲ್ 1ರಿಂದ, ಪ್ರತಿ ನಮೂದಿನ ಬದಲಾವಣೆಯನ್ನೂ ದಿನಾಂಕಸಹಿತ ದಾಖಲಿಸುವ ಲೆಕ್ಕದ ತಂತ್ರಾಂಶವನ್ನೇ ಬಳಸಬೇಕು. ಈ ದಾಖಲೆಯನ್ನು ಯಾರೂ ನಿಷ್ಕ್ರಿಯಗೊಳಿಸುವಂತಿಲ್ಲ. ಲೆಕ್ಕ ಪರಿಶೋಧಕರು ತಮ್ಮ ವರದಿಯಲ್ಲಿ ಈ ಬಗ್ಗೆ ಹೇಳಬೇಕಾಗುತ್ತದೆ. ಬದಲಾವಣೆ ಮಾಡಿದವರು ಯಾರು ಎಂದು ತಂತ್ರಾಂಶ ಬರೆದಿಡುವುದು ಪ್ರವೇಶ ಪಡೆದ ಹೆಸರಿನ ಆಧಾರದಿಂದ. ಕದ್ದ ಗುರುತಿನಿಂದ ಒಳಬಂದವರು ಒಂದು ನಮೂದನ್ನು ತಿದ್ದಿದರೆ ದಾಖಲೆಯಲ್ಲಿ ಕಾಣುವುದು ನಿರಪರಾಧಿ ಗುಮಾಸ್ತರ ಹೆಸರು. ಅವರು ‘ಇದು ನನ್ನ ಕೆಲಸವಲ್ಲ’ ಎಂದರೆ ಸಂಸ್ಥೆಯ ಬಳಿ ಉತ್ತರವಿರುವುದಿಲ್ಲ. ಒಬ್ಬ ನಂಬಿಕಸ್ಥ ನೌಕರರ ಮರ್ಯಾದೆಯೂ, ಲೆಕ್ಕಪತ್ರದ ವಿಶ್ವಾಸಾರ್ಹತೆಯೂ ಒಟ್ಟಿಗೆ ಪಣಕ್ಕೆ ಬೀಳುತ್ತವೆ.

ಭಾರತ ಸರ್ಕಾರದ ಸೈಬರ್ ತುರ್ತು ಸ್ಪಂದನ ಸಂಸ್ಥೆಯಾದ ಸರ್ಟ್-ಇನ್ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನಗಳ ಪ್ರಕಾರ, ನಿಗದಿತ ಬಗೆಯ ಸೈಬರ್ ಘಟನೆಗಳನ್ನು ಗಮನಕ್ಕೆ ಬಂದ 6 ಗಂಟೆಗಳೊಳಗೆ ವರದಿ ಮಾಡಬೇಕು. ಕಂಪ್ಯೂಟರ್ ವ್ಯವಸ್ಥೆಗಳ ಲಾಗ್ ದಾಖಲೆಗಳನ್ನು 180 ದಿನ ಕಾಯ್ದಿರಿಸಬೇಕು. ಅತಿಸಣ್ಣ, ಸಣ್ಣ ಮತ್ತು ಮಧ್ಯಮ ಉದ್ದಿಮೆಗಳಿಗೆ 2022ರ ಸೆಪ್ಟೆಂಬರ್ 25ರವರೆಗೆ ಕಾಲಾವಕಾಶ ನೀಡಲಾಗಿತ್ತು. ಅದೇ ನಿರ್ದೇಶನದಲ್ಲಿ ವಿಪಿಎನ್ ಸೇವೆ ಮಾರುವ ಕಂಪನಿಗಳು ಗ್ರಾಹಕರ ವಿವರವನ್ನು 5 ವರ್ಷ ಇಟ್ಟುಕೊಳ್ಳಬೇಕೆಂಬ ನಿಯಮವೂ ಇದೆ. ಸಂಸ್ಥೆಗಳು ತಮ್ಮ ಸಿಬ್ಬಂದಿಗಾಗಿ ನಡೆಸುವ ವಿಪಿಎನ್‌ಗೆ ಆ ನಿಯಮ ಅನ್ವಯಿಸದೆಂದು ಸ್ಪಷ್ಟಪಡಿಸಲಾಗಿದೆ. ಇದಲ್ಲದೆ, ಹಂತಹಂತವಾಗಿ ಜಾರಿಯಾಗುತ್ತಿರುವ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯು, ಗ್ರಾಹಕರ ವೈಯಕ್ತಿಕ ಮಾಹಿತಿಗೆ ಸಮಂಜಸ ರಕ್ಷಣೆ ಒದಗಿಸದವರಿಗೆ 250 ಕೋಟಿ ರೂಪಾಯಿಗಳವರೆಗೆ ದಂಡ ವಿಧಿಸಲು ಅವಕಾಶ ಕಲ್ಪಿಸಿದೆ. ಭದ್ರವಲ್ಲವೆಂದು ತಯಾರಕರೇ 2012ರಲ್ಲಿ ಎಚ್ಚರಿಸಿದ ವ್ಯವಸ್ಥೆಯನ್ನು ‘ಸಮಂಜಸ ರಕ್ಷಣೆ’ ಎಂದು ಸಮರ್ಥಿಸಿಕೊಳ್ಳುವುದು ಕಷ್ಟ.

ಬದಲಿ ಮಾರ್ಗಗಳು

1. ಐಕೆಇವಿ2 ಸಹಿತ ಐಪಿಸೆಕ್. ವಿಂಡೋಸ್, ಆಪಲ್, ಆಂಡ್ರಾಯ್ಡ್ ಮೂರರಲ್ಲಿಯೂ ಅಡಕವಾಗಿರುವುದರಿಂದ ಬೇರೆ ತಂತ್ರಾಂಶ ಬೇಕಿಲ್ಲ. ಮೊಬೈಲ್ ಸಂಪರ್ಕ ಕಡಿದು ಮತ್ತೆ ಬಂದಾಗ ತಾನಾಗಿ ಜೋಡಿಸಿಕೊಳ್ಳುವ ಗುಣವೂ ಇದೆ. ಆರಂಭಿಕ ಅಳವಡಿಕೆಗೆ ಅನುಭವಿ ತಂತ್ರಜ್ಞರು ಬೇಕು.

2. ಓಪನ್‌ವಿಪಿಎನ್. 2001ರಿಂದ ಬಳಕೆಯಲ್ಲಿರುವ ಮುಕ್ತ ತಂತ್ರಾಂಶ. ರೂಟರುಗಳ ತೊಡಕನ್ನು ಸುಲಭವಾಗಿ ದಾಟುತ್ತದೆ. ಪ್ರತಿ ಕಂಪ್ಯೂಟರಿನಲ್ಲಿಯೂ ತಂತ್ರಾಂಶವನ್ನು ಹಾಕಬೇಕು.

3. ವೈರ್‌ಗಾರ್ಡ್. 2020ರಲ್ಲಿ ಲಿನಕ್ಸ್‌ನ ತಿರುಳಿಗೆ ಸೇರ್ಪಡೆಯಾದ ಹೊಸ ವ್ಯವಸ್ಥೆ. ಇದೂ ಮುಕ್ತ ತಂತ್ರಾಂಶ. ವೇಗ ಹೆಚ್ಚು, ಅಳವಡಿಕೆ ಸರಳ. ಪಾಸ್‌ವರ್ಡ್ ಬದಲು ಪ್ರತಿ ಸಾಧನಕ್ಕೂ ಒಂದು ಜೋಡಿ ಕೀಲಿಗಳಿರುತ್ತವೆ. ಪಿಪಿಟಿಪಿಯ ಸರಳತೆಗೆ ಒಗ್ಗಿದವರಿಗೆ ಇದು ಹೆಚ್ಚು ಹಿಡಿಸಬಹುದು.

4. ಎಸ್‌ಎಸ್‌ಟಿಪಿ. ವಿಂಡೋಸ್ ಸರ್ವರನ್ನೇ ಬಳಸುವ ಕಚೇರಿಗಳಿಗೆ ಸೂಕ್ತ. ಸುರಕ್ಷಿತ ಜಾಲತಾಣಗಳು ಬಳಸುವ ದಾರಿಯಲ್ಲಿಯೇ ಸಾಗುವುದರಿಂದ ಸಂಪರ್ಕಕ್ಕೆ ಅಡ್ಡಿ ಕಡಿಮೆ.

ಎಲ್‌2ಟಿಪಿಯನ್ನು ಪಿಪಿಟಿಪಿಗೆ ಬದಲಿಯಾಗಿ ಸೂಚಿಸುವವರಿದ್ದಾರೆ. ಅದಕ್ಕೆ ಸ್ವಂತ ಗೂಢಲಿಪಿ ಇಲ್ಲ. ಐಪಿಸೆಕ್ ಜೊತೆಗೂಡಿದರೆ ಮಾತ್ರ ರಕ್ಷಣೆ. ಅದನ್ನೂ ಮೈಕ್ರೋಸಾಫ್ಟ್ ಕೈಬಿಡುತ್ತಿರುವುದರಿಂದ ಹೊಸದಾಗಿ ಖರ್ಚು ಮಾಡುವವರು ಅದನ್ನು ಆಯ್ದುಕೊಳ್ಳದಿರುವುದು ಲೇಸು.

ಈ ಆಯ್ಕೆಗಳಲ್ಲಿ ತಂತ್ರಾಂಶದ ಬೆಲೆ ದೊಡ್ಡ ಬಾಬ್ತಲ್ಲ. ತಂತ್ರಜ್ಞರ ಒಂದೆರಡು ದಿನದ ಸಂಭಾವನೆ, ರೂಟರ್ ತೀರಾ ಹಳೆಯದಾಗಿದ್ದರೆ ಹೊಸದರ ಬೆಲೆ, ಇವೇ ಮುಖ್ಯ ವೆಚ್ಚಗಳು.

ಕೈಗೊಳ್ಳಬೇಕಾದ ಕ್ರಮಗಳು

1. ಮೊದಲು ಕಚೇರಿಯಲ್ಲಿ ಪಿಪಿಟಿಪಿ ಇದೆಯೇ ಎಂದು ಖಚಿತಪಡಿಸಿಕೊಳ್ಳಬೇಕು. ವಿಂಡೋಸ್‌ನ ವಿಪಿಎನ್ ಸಂಪರ್ಕದ ವಿವರದಲ್ಲಿ ಅದರ ಬಗೆಯನ್ನು ನಮೂದಿಸಿರುತ್ತದೆ. ರೂಟರಿನಲ್ಲಿ ಪಿಪಿಟಿಪಿ ಸರ್ವರ್ ಚಾಲ್ತಿಯಲ್ಲಿದೆಯೇ, 1723ನೆಯ ಪೋರ್ಟ್ ತೆರೆದಿದೆಯೇ ಎಂದು ತಂತ್ರಜ್ಞರಿಂದ ಪರೀಕ್ಷೆ ಮಾಡಿಸಬೇಕು. ಬ್ರಾಡ್‌ಬ್ಯಾಂಡ್ ಸಂಪರ್ಕಕ್ಕೆ ಬಳಸುವ ಪಿಪಿಪಿಒಇ ಎಂಬುದು ಬೇರೆ. ಹೆಸರಿನ ಹೋಲಿಕೆಯಿಂದ ಗೊಂದಲಕ್ಕೆ ಒಳಗಾಗಬಾರದು.

2. ವಿಪಿಎನ್ ಬಳಸುವವರ ಪಟ್ಟಿ ಮಾಡಬೇಕು. ಕೆಲಸ ಬಿಟ್ಟು ಹೋದ ನೌಕರರ ಹೆಸರುಗಳು ಉಳಿದಿದ್ದರೆ ಆ ದಿನವೇ ತೆಗೆದುಹಾಕಬೇಕು.

3. ಹೊಸ ವ್ಯವಸ್ಥೆಯನ್ನು ಹಳೆಯದರ ಜೊತೆಯಲ್ಲಿಯೇ ಅಳವಡಿಸಿ, ಒಂದು ಶಾಖೆಯಲ್ಲಿ ಪ್ರಯೋಗಿಸಿ, ನಂತರ ಉಳಿದವುಗಳಿಗೆ ವಿಸ್ತರಿಸುವುದು ಉತ್ತಮ. ತಿಂಗಳ ಕೊನೆ ಹಾಗೂ ಜಿಎಸ್‌ಟಿ ವಿವರ ಸಲ್ಲಿಸುವ ದಿನಗಳನ್ನು ಈ ಕೆಲಸಕ್ಕೆ ಆರಿಸಬಾರದು.

4. ಬದಲಾವಣೆ ಮುಗಿದೊಡನೆ ಪಿಪಿಟಿಪಿಯನ್ನು ಸಂಪೂರ್ಣವಾಗಿ ನಿಲ್ಲಿಸಿ, 1723ನೆಯ ಪೋರ್ಟ್ ಮುಚ್ಚಿಸಬೇಕು. ‘ತುರ್ತಿಗೆ ಇರಲಿ’ ಎಂದು ಹಳೆಯ ಬಾಗಿಲನ್ನು ತೆರೆದಿಟ್ಟರೆ ಹೊಸ ಬೀಗ ವ್ಯರ್ಥ.

5. ಹಳೆಯ ಪಾಸ್‌ವರ್ಡ್‌ಗಳನ್ನೆಲ್ಲ ಬದಲಿಸಬೇಕು; ಅವುಗಳ ಹ್ಯಾಶ್ ಈಗಾಗಲೇ ಅನ್ಯರ ಕೈಸೇರಿರುವ ಸಾಧ್ಯತೆಯನ್ನು ತಳ್ಳಿಹಾಕಲಾಗದು. ಮೊಬೈಲಿಗೆ ಬರುವ ಸಂಕೇತದಂತಹ ಎರಡನೆಯ ಹಂತದ ಪರೀಕ್ಷೆಯನ್ನೂ ಸೇರಿಸಿಕೊಳ್ಳಬಹುದು.

6. ವಿಪಿಎನ್ ಬೇಡವೆಂದು ತೆಗೆದು, ಸರ್ವರಿನ ರಿಮೋಟ್ ಡೆಸ್ಕ್‌ಟಾಪ್ ಸೌಲಭ್ಯವನ್ನು ನೇರವಾಗಿ ಅಂತರಜಾಲಕ್ಕೆ ತೆರೆಯುವ ತಪ್ಪನ್ನು ಎಂದಿಗೂ ಮಾಡಬಾರದು. ಅದು ಪಿಪಿಟಿಪಿಗಿಂತಲೂ ಅಪಾಯಕಾರಿ.

7. ಲೆಕ್ಕದ ಕಡತಗಳ ಪ್ರತಿಯನ್ನು ಪ್ರತಿದಿನ ತೆಗೆದು, ಒಂದು ಪ್ರತಿಯನ್ನಾದರೂ ಜಾಲಕ್ಕೆ ಜೋಡಿಸದ ಕಡೆ ಇಡಬೇಕು. ಜಿಎಸ್‌ಟಿ ಕಾಯ್ದೆಯಂತೆ ಲೆಕ್ಕಪತ್ರಗಳನ್ನು ಆ ವರ್ಷದ ವಾರ್ಷಿಕ ವಿವರ ಸಲ್ಲಿಸಲು ನಿಗದಿಯಾದ ದಿನದಿಂದ 72 ತಿಂಗಳು ಕಾಪಾಡಬೇಕೆಂಬುದನ್ನು ಮರೆಯಬಾರದು.

ಪಿಪಿಟಿಪಿ ತನ್ನ ಕಾಲಕ್ಕೆ ಉಪಕಾರಿಯಾಗಿತ್ತು. ಲೀಸ್ಡ್ ಲೈನಿನ ಬಾಡಿಗೆ ತೆರಲಾಗದ ಸಣ್ಣ ಸಂಸ್ಥೆಗಳಿಗೂ ಶಾಖೆಗಳನ್ನು ಬೆಸೆಯುವ ದಾರಿಯನ್ನು ತೋರಿಸಿಕೊಟ್ಟ ಶ್ರೇಯಸ್ಸು ಅದಕ್ಕೆ ಸಲ್ಲಬೇಕು. ಬೀಗವೇ ಇಲ್ಲದ ಬಾಗಿಲ ಮುಂದೆ ಮಾಲೀಕರು ಎಚ್ಚರವಾಗಿರುತ್ತಾರೆ; ಕಳ್ಳಕೀಲಿ ಸಿದ್ಧವಾಗಿರುವ ಬೀಗದ ಮುಂದೆ ನಿಶ್ಚಿಂತೆಯಿಂದ ನಿದ್ರಿಸುತ್ತಾರೆ. ಎರಡನೆಯದೇ ಹೆಚ್ಚಿನ ಅಪಾಯ. ಪ್ರತಿ ವರ್ಷ ಅಂಗಡಿಯ ವಿಮೆಯನ್ನು ನವೀಕರಿಸುವ ವರ್ತಕರು, ಅದೇ ದಿನ ಕಚೇರಿಯ ವಿಪಿಎನ್ ಯಾವ ಬಗೆಯದೆಂದು ತಂತ್ರಜ್ಞರನ್ನು ಒಮ್ಮೆ ಕೇಳಿ, ಉತ್ತರವನ್ನು ಕಾಗದದ ಮೇಲೆ ಬರೆಸಿಕೊಂಡು ಕಡತದಲ್ಲಿರಿಸುವುದು ಒಳಿತು. ಆ ಉತ್ತರ ‘ಪಿಪಿಟಿಪಿ’ ಎಂದಾಗಿದ್ದರೆ, ಬದಲಾವಣೆಯನ್ನು ಮುಂದಿನ ವರ್ಷಕ್ಕೆ ಮುಂದೂಡಬಾರದು.